ಭರಣಿ ಹಿಡಿದ ಕರಾಟೆ

ಬೆಲ್ಟ್ ಪರೀಕ್ಷೆಯಲ್ಲಿ ಫೇಲಾಗಿ ಮೊಮ್ಮಗ ಮುಖ ಊದಿಸಿಕೊಂಡು ಬಂದ. ಕಟಾದ ಕೊನೆಯ ಹೊಡೆತಗಳಲ್ಲಿ ಮಣಿಕಟ್ಟು ಮಡಚಿತಂತೆ. (ಕಟಾ ಎಂದರೆ ಒಬ್ಬರೇ ಕ್ರಮವಾಗಿ ಮಾಡುವ ಹೊಡೆತ, ತಡೆಗಳ ಸರಣಿ.) "ತಾತ, ಕಟಾನೇ ಬೇಡ. ನಾಳೆಯಿಂದ ಬರೀ ಜಿಮ್!"

ಮಕ್ಕಳೇ, ನಾನು ವಾದಕ್ಕಿಳಿಯಲಿಲ್ಲ. ಕರಾಟೆಯ ತವರಾದ ಒಕಿನಾವಾ ದ್ವೀಪದ ಕಥೆ ಹೇಳಿದೆ. ಅಲ್ಲಿನ ಹಿರಿಯರು ಕಟಾ ಜೊತೆಗೆ 'ಹೋಜೋ ಉಂಡೋ' ಎಂಬ ಪೂರಕ ವ್ಯಾಯಾಮ ಮಾಡುತ್ತಿದ್ದರು. ಮರದ ಹಿಡಿಗೆ ಕಲ್ಲು ಸಿಕ್ಕಿಸಿ ತಿರುಗಿಸುವುದು (ನಮ್ಮ ಗರಡಿಮನೆ ಗದೆಯ ದಾಯಾದಿ ಅನ್ನಿ), ಮರಳು ತುಂಬಿದ ಭರಣಿಗಳ ಕಂಠವನ್ನು ಬೆರಳುಗಳಲ್ಲಿ ಹಿಡಿದು ನಡೆಯುವುದು. 1934ರಲ್ಲಿ ಹವಾಯಿಗೆ ಹೋದ ಗುರು ಮಿಯಾಗಿ ಚೋಜುನ್, ಅಲ್ಲಿನ ಕುಸ್ತಿಪಟುಗಳ ಕಬ್ಬಿಣದ ಬಳೆಯನ್ನೂ ತಮ್ಮ ಅಭ್ಯಾಸಕ್ಕೆ ಸೇರಿಸಿಕೊಂಡರಂತೆ.

"ಹಾಗಾದ್ರೆ ಅದೂ ಜಿಮ್ಮೇ!" ಅಂದ.

ಅವನ ಗುರುಗಳನ್ನು ಕೇಳಿ ಕ್ರಮ ಹಾಕಿಕೊಂಡೆವು. ಮೈ ದಣಿಯುವ ಮೊದಲೇ ಕಟಾ; ದಣಿದ ಕಾಲು ತಪ್ಪು ಹೆಜ್ಜೆಯನ್ನೇ ಕಲಿತುಬಿಡುತ್ತದೆ. ಆಮೇಲೆ ಜಪಾನಿನ ವಿಜ್ಞಾನಿ ತಬಾಟಾ ಅವರ ಹೆಸರಿನ ಲೆಕ್ಕ: 20 ಸೆಕೆಂಡು ಸ್ಕಿಪಿಂಗ್, 10 ಸೆಕೆಂಡು ವಿರಾಮ. ಕ್ರೀಡಾಪಟುಗಳು ಉಸಿರುಗಟ್ಟುವಂತೆ ಎಂಟು ಸುತ್ತು ಮಾಡುತ್ತಾರೆ. ಇವನಿಗೆ ನಾಲ್ಕು, ಅದೂ ಹಗುರವಾಗಿ.

ಕೊನೆಗೆ ಭರಣಿ. ಉಪ್ಪಿನಕಾಯಿ ಭರಣಿ ಮುಟ್ಟಲು ಅಜ್ಜಿ ಬಿಡಲಿಲ್ಲ. ಎರಡು ಪ್ಲಾಸ್ಟಿಕ್ ಡಬ್ಬಿಗೆ ಅರ್ಧರ್ಧ ಮರಳು ತುಂಬಿದೆವು. ಬ್ಯಾಂಕಿನಲ್ಲಿ ಜೀವಮಾನವಿಡೀ ನೋಟು ಎಣಿಸಿದ ನನ್ನ ಬೆರಳು ಹತ್ತೇ ಹೆಜ್ಜೆಗೆ ಸೋತಿತು. ಅವನು ಅಂಗಳ ದಾಟಿದ.

ಮೊನ್ನೆ ಕಟಾ ಮಾಡಿ ತೋರಿಸಿದ. ಕೊನೆಯ ಹೊಡೆತದಲ್ಲೂ ಮಣಿಕಟ್ಟು ನೆಟ್ಟಗಿತ್ತು. ಪರೀಕ್ಷೆ ಮುಂದಿನ ತಿಂಗಳು.