ಗೆದ್ದಾಗ ನಮ್ಮವನು, ಕೇಳಿದಾಗ ಹೊರಗಿನವನು

ಆರ್‌ಸಿಬಿ ಕೊನೆಗೂ ಐಪಿಎಲ್ ಕಪ್ ಗೆದ್ದಾಗ, ಪರದೇಶದಲ್ಲಿ ಕುಣಿದ ನಾನು ತಿಪಟೂರಿನ ಗೆಳೆಯರಿಗೆ ‘ನಮ್ಮ ಹುಡುಗ’. ಮರುದಿನ, 2025ರ ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತಕ್ಕೆ 11 ಜನ ಸತ್ತರು. ಹೊಣೆ ಯಾರದೆಂದು ಕೇಳಿದೆ. ‘ದೇಶ ಬಿಟ್ಟವನಿಗೆ ಈ ಉಸಾಬರಿ ಯಾಕೆ?’ ಅಂದರು.

ಕೊಬ್ಬರಿಯದೂ ಇದೇ ಕಥೆ. ತೆಂಗಿನ ಮಟ್ಟೆಯ ಬ್ಯಾಟು, ಅಟ್ಟದಲ್ಲಿ ಗಲಗಲ ಎನ್ನುವ ಕಾಯಿ ಎಂದು ಬರೆದರೆ ತುರುವೇಕೆರೆಯಿಂದ ಚಿಕ್ಕನಾಯಕನಹಳ್ಳಿವರೆಗೆ ಮೆಚ್ಚುಗೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದೂ ತಿಪಟೂರು ಮಾರುಕಟ್ಟೆಯಲ್ಲಿ ದರ ಅದಕ್ಕಿಂತ ಕೆಳಗಿಳಿದದ್ದೇಕೆ ಎಂದರೆ ಮೌನ. ಕಾಯಿ ಒಣಗಲೆಂದು ತಿಂಗಳುಗಟ್ಟಲೆ ಕಾದ ರೈತ, ಖರೀದಿ ಕೇಂದ್ರ ತೆರೆಯಲೆಂದು ಮತ್ತೆ ಕಾಯಬೇಕು. ಸಾಲ ಕೊಟ್ಟವನು ಕಾಯುತ್ತಾನೆಯೇ?

ಅನಿವಾಸಿಗಳು ಮತದಾರರಾಗಬಹುದು, 2011ರಿಂದ ಆ ಹಕ್ಕಿದೆ. ಆದರೆ ಓಟು ಹಾಕಲು ಊರಿನ ಮತಗಟ್ಟೆಗೇ ಬರಬೇಕು. (ಸಂಶೋಧನಾ ವೇತನದಲ್ಲಿ ವಿಮಾನವೆಂದರೆ ತಮಾಷೆ.) ಉಳಿದಿರುವುದು ಮಾತೊಂದೇ. ಅದನ್ನೂ ಕಿತ್ತುಕೊಂಡು ‘ಬರೀ ನೆನಪು ಬರಿ’ ಎನ್ನುವ ಪ್ರೀತಿ ನನಗೆ ಬೇಡ. ನನ್ನ ಓದಿನ ಫೀಸು ಕಟ್ಟಿದ್ದು ನಮ್ಮ ಅಟ್ಟದ ಕೊಬ್ಬರಿ. ಮುಂದಿನ ಹಂಗಾಮಿಗೆ ಖರೀದಿ ಕೇಂದ್ರ ಯಾವ ತಿಂಗಳು ತೆರೆಯುತ್ತೀರಿ, ಸ್ವಾಮಿ?