ಕಿವಿಯಿಂದಲೂ ಓದಬಹುದು

ಸ್ಕ್ರೂಗೇಜಿನಿಂದ ತಂತಿಯ ದಪ್ಪವನ್ನು ಅಳೆಯುವ ಮೊದಲು ಅದರ ಶೂನ್ಯ ದೋಷವನ್ನು ನೋಡಬೇಕೆಂದು ನಾವು ಪ್ರತಿ ವರ್ಷವೂ ಪ್ರಯೋಗಶಾಲೆಯಲ್ಲಿ ಬೋಧಿಸುತ್ತೇವೆ. ದೋಷವನ್ನು ಕಳೆಯದೆ ಬರೆದ ಅಳತೆಯಲ್ಲಿ ತಂತಿಯ ದಪ್ಪದೊಡನೆ ಉಪಕರಣದ ಕೊರತೆಯೂ ಸೇರಿರುತ್ತದೆ. ಇದೇ ನಿಯಮವನ್ನು ನಮ್ಮ ಪರೀಕ್ಷೆಗಳಿಗೆ ಅನ್ವಯಿಸಲು ನಾವು ಮರೆತಿದ್ದೇವೆ.

ನಮ್ಮ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿಯಿದ್ದನು. ಬಾಯಿಮಾತಿನಲ್ಲಿ ಕೇಳಿದರೆ, ದೋಣಿಯಿಂದ ದಡಕ್ಕೆ ಹಾರುವವನು ದೋಣಿಯನ್ನು ಹಿಂದಕ್ಕೆ ತಳ್ಳುವ ಉದಾಹರಣೆ ಕೊಟ್ಟು ನ್ಯೂಟನ್ನನ ಮೂರನೆಯ ನಿಯಮವನ್ನು ಸೊಗಸಾಗಿ ವಿವರಿಸುತ್ತಿದ್ದನು. ಅದೇ ಪ್ರಶ್ನೆ ಅಚ್ಚಾಗಿ ಕೈಗೆ ಬಂದರೆ ಅವನ ಉತ್ತರಪತ್ರಿಕೆ ಬಹುಮಟ್ಟಿಗೆ ಬರಿದಾಗಿರುತ್ತಿತ್ತು. ನಾವು ಅವನನ್ನು ಸೋಮಾರಿಯೆಂದು ಎಣಿಸಿದೆವು. ಆ ಎಣಿಕೆ ತಪ್ಪು. ಅವನಿಗಿದ್ದುದು ಡಿಸ್ಲೆಕ್ಸಿಯಾ, ಎಂದರೆ ಬುದ್ಧಿಯಲ್ಲಾಗಲಿ ಕಣ್ಣಿನಲ್ಲಾಗಲಿ ಕೊರತೆಯಿಲ್ಲದಿದ್ದರೂ ಅಕ್ಷರವನ್ನು ಧ್ವನಿಯೊಡನೆ ಜೋಡಿಸುವುದು ಮಿದುಳಿಗೆ ಕಷ್ಟವಾಗುವ ಸ್ಥಿತಿ.

ಇಂತಹ ೧೪ ವರ್ಷದ ಬಾಲಕನೊಬ್ಬನನ್ನು ೧೮೯೬ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ವರ್ಣಿಸಿದ್ದಾನೆ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವಂತಿದ್ದರೆ ಶಾಲೆಗೆಲ್ಲ ಅವನೇ ಜಾಣನಾಗುತ್ತಿದ್ದನೆಂಬುದು ಅವನ ಉಪಾಧ್ಯಾಯನ ಅಭಿಪ್ರಾಯವಾಗಿತ್ತು. ಅಂದು ಅಸಾಧ್ಯವಾಗಿದ್ದ ಆ ಏರ್ಪಾಡು ಇಂದು ಜೇಬಿನಲ್ಲಿ ಹಿಡಿಯುತ್ತದೆ. ಪುಟದ ಮೇಲೆ ಮೊಬೈಲಿನ ಕ್ಯಾಮೆರಾ ಹಿಡಿದರೆ, ಓದುವ ಆ್ಯಪ್ ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸಿ, ಪದಗಳನ್ನು ಧ್ವನಿಯಾಗಿ ಮಾರ್ಪಡಿಸಿ ನುಡಿಯುತ್ತದೆ. ನುಡಿಯುತ್ತಿರುವ ಪದಕ್ಕೆ ಪರದೆಯ ಮೇಲೆ ಬಣ್ಣ ಹಚ್ಚಿ ತೋರಿಸುವುದೂ ಉಂಟು. ಮಾತನ್ನು ಬರಹವಾಗಿಸುವ ಆ್ಯಪ್‌ಗಳೂ ಇವೆ.

ಇದು ಉಳಿದವರಿಗೆ ಅನ್ಯಾಯವಲ್ಲವೆ ಎಂದು ಕೆಲವರು ಕೇಳುವರು. ಶೂನ್ಯ ದೋಷವನ್ನು ಕಳೆಯುವುದು ತಂತಿಗೆ ತೋರುವ ದಾಕ್ಷಿಣ್ಯವೆ? ಆ್ಯಪ್ ಪ್ರಶ್ನೆಯನ್ನು ಓದಿ ಹೇಳುವುದೇ ಹೊರತು ಉತ್ತರವನ್ನು ಯೋಚಿಸಿ ಕೊಡುವುದಿಲ್ಲ. ಅಂತರ್ಜಾಲದ ಸಂಪರ್ಕವಿಲ್ಲದ, ಓದುವುದೊಂದನ್ನೇ ಮಾಡುವ ಉಪಕರಣವನ್ನು ಕಾಲೇಜೇ ಒದಗಿಸಿದರೆ ನಕಲಿನ ಭಯವೂ ಇಲ್ಲ. ನಮ್ಮ ದೇಶದ ೨೦೧೬ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ೨೧ ಬಗೆಯ ನ್ಯೂನತೆಗಳಲ್ಲಿ ವಿಶಿಷ್ಟ ಕಲಿಕಾ ನ್ಯೂನತೆಯನ್ನೂ ಸೇರಿಸಿದೆ. ಕಾನೂನು ಒಪ್ಪಿರುವುದನ್ನು ತರಗತಿಯೂ ಒಪ್ಪಬೇಕಾಗಿದೆ.

ಆ್ಯಪ್‌ಗೂ ಮಿತಿಯುಂಟು. ನಮ್ಮ ೩೪ ವ್ಯಂಜನಗಳು ೧೩ ಸ್ವರಗಳೊಡನೆ ಕೂಡಿದರೆ ೪೪೨ ರೂಪಗಳಾಗುತ್ತವೆ; ಒತ್ತಕ್ಷರಗಳು ಬೇರೆ. ಇಪ್ಪತ್ತಾರು ಅಕ್ಷರಗಳ ಇಂಗ್ಲಿಷಿಗಾಗಿ ರಚಿಸಿದ ಅಕ್ಷರಾಭ್ಯಾಸದ ಆ್ಯಪ್ ಕನ್ನಡದ ಮಗುವಿಗೆ ಹಾಗೆಯೇ ಒಗ್ಗಲಾರದು. ಭೌತಶಾಸ್ತ್ರದ ಸೂತ್ರಗಳನ್ನು ಓದುವಾಗಲೂ ಯಂತ್ರ ಎಡವುವುದುಂಟು. ಮಗುವಿನ ತೊಡಕನ್ನು ಮೊದಲೇ ಗುರುತಿಸಿ, ತಾಳ್ಮೆಯಿಂದ ಓದು ಕಲಿಸುವ ಹೊಣೆ ಎಂದಿಗೂ ಗುರುವಿನದೇ.

ವಿದ್ಯಾರ್ಥಿಮಿತ್ರರೇ, ಪಕ್ಕದ ಗೆಳೆಯನು ಪಠ್ಯವನ್ನು ಕಿವಿಯಿಂದ ಓದುತ್ತಿದ್ದರೆ ನಗಬೇಡಿರಿ. ನಮ್ಮ ಆ ವಿದ್ಯಾರ್ಥಿಗೆ ಇಂತಹ ಆ್ಯಪ್ ದೊರೆತದ್ದು ಕೊನೆಯ ವರ್ಷದಲ್ಲಿ. ಅದಕ್ಕೆ ಮೊದಲು ನಾವು ಅವನಿಗೆ ಕೊಟ್ಟ ಅಂಕಗಳಲ್ಲಿ ನಮ್ಮ ದೋಷವು ಕಳೆಯದೆ ಹಾಗೆಯೇ ಉಳಿದಿದೆ.