ಬೆನ್ನ ತುಂಬಾ ಮರಿಗಳು

ಕಳೆದ ಮಳೆಗಾಲ ವರ್ಕ್ ಫ್ರಮ್ ಹೋಮ್ ಅಂತ ಸವಳಂಗದ ಮನೇಲಿದ್ದೆ. ಹಿತ್ತಲಲ್ಲಿ ಸೌದೆ ಎತ್ತಿದರೆ ಕೆಳಗೊಂದು ಕರಿ ಚೇಳು, ಬೆನ್ನ ತುಂಬಾ ಅಕ್ಕಿಕಾಳಿನಂಥ ಬಿಳಿ ಮರಿಗಳು. ಕೈ ತಾನಾಗೇ ಚಪ್ಪಲಿಗೆ ಹೋಯ್ತು. "ಬಿಡೋ, ಹೆಂಗೂ ಮರಿಗಳೇ ತಾಯಿನ ತಿಂದು ಮುಗಿಸ್ತಾವೆ" ಅಂದ್ರು ಅಜ್ಜಿ. ನಾನೂ ಚಿಕ್ಕಂದಿನಿಂದ ಅದನ್ನೇ ನಂಬಿದ್ದೆ.

ಓದಿ ನೋಡಿದರೆ ಕಥೆ ಉಲ್ಟಾ. ತೀರಾ ಹಸಿದ ತಾಯಿಯೇ ಒಮ್ಮೊಮ್ಮೆ ಒಂದೆರಡು ಮರಿ ತಿನ್ನೋದುಂಟು. ಚೇಳು ಮೊಟ್ಟೆ ಇಡಲ್ಲ, ಮರಿ ಹಾಕುತ್ತೆ. ಕೆಲವು ಜಾತಿಗಳಲ್ಲಿ ಬಸಿರು ಒಂದು ವರ್ಷ ದಾಟುತ್ತೆ. (ನಮ್ಮಲ್ಲಿ ಹೆರಿಗೆ ರಜೆ 26 ವಾರ!) ಹುಟ್ಟುವ ಮರಿಗಳನ್ನ ಎಷ್ಟೋ ತಾಯಂದಿರು ಮುಂಗಾಲು ಮಡಚಿ ಬುಟ್ಟಿಯಂತೆ ಹಿಡಿಯುತ್ತವೆ. ಅಲ್ಲಿಂದ ಅವು ಬೆನ್ನೇರುತ್ತವೆ. ಮೊದಲ ಸಲ ಪೊರೆ ಕಳಚುವವರೆಗೆ ಅವಕ್ಕೆ ಬೇಟೆ ಬರಲ್ಲ, ಕುಟುಕೋಕೂ ಬರಲ್ಲ. ಮೈಯೊಳಗೆ ಉಳಿದ ಪೋಷಕಾಂಶವೇ ಊಟ. ತಾಯಿಯಿಂದ ಬೇರೆಯಾದ್ರೆ ಬದುಕೋದು ಕಷ್ಟ. ಅಂದ್ರೆ ನನ್ನ ಒಂದು ಚಪ್ಪಲಿ ಏಟಿಗೆ ಇಡೀ ಸಂಸಾರ.

ಕೆಂಪು ಚೇಳಾಗಿದ್ರೆ ಬಿಡ್ತಿರಲಿಲ್ಲ, ನಿಜ ಹೇಳ್ತೀನಿ. ಅದರ ವಿಷ ಮಕ್ಕಳ ಹೃದಯಕ್ಕೇ ಕುತ್ತು. ಇದನ್ನ ಉದ್ದ ಇಕ್ಕಳದಲ್ಲಿ ಮೆಲ್ಲಗೆ ಡಬ್ಬಿಗೆ ದೂಡಿ ಬೇಲಿಯಾಚೆ ಬಿಟ್ಟೆ. ಒಂದು ಮರಿ ಕೆಳಗೆ ಬಿತ್ತು. ತಾಯಿ ನಿಂತಿತು. ಮರಿ ಕಾಲು ಹಿಡಿದು ಮತ್ತೆ ಹತ್ತಿಕೊಂಡಿತು.